ತೋಟದ ಮನೆಯ ಕಂಪ್ಯೂಟರಿಗೆ ಯಾವ ಬ್ಯಾಕಪ್ ಸಾಫ್ಟ್‌ವೇರ್? ಮಳೆ ಹಿಡಿಯುವ ಮೊದಲು ನಿರ್ಧರಿಸಬೇಕು

ನಾಪೋಕ್ಲು ತೋಟದಮನೆ

ಮನೆಯ ಡೆಸ್ಕ್‌ಟಾಪಿಗೆ ಬ್ಯಾಕಪ್ ಸಾಫ್ಟ್‌ವೇರ್ ಆರಿಸಬೇಕಾಗಿದೆ. ವಿಂಡೋಸ್ 11 ಹೋಂ, 512 ಜಿಬಿ ಎಸ್‌ಎಸ್‌ಡಿ. ಉಳಿಸಿಕೊಳ್ಳಬೇಕಾದದ್ದು ಇಷ್ಟು: ಟ್ಯಾಲಿ ಡೇಟಾ ಸುಮಾರು 2 ಜಿಬಿ, ಚೆಕ್‌ರೋಲಿನ (ಕೂಲಿಯವರ ಹಾಜರಿ ಪಟ್ಟಿ) ಎಕ್ಸೆಲ್ ಹಾಳೆಗಳು, ಪಹಣಿ ಮತ್ತು ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯ ಜಮೀನು) ದಾಖಲೆಗಳ ಸ್ಕ್ಯಾನ್ 14 ಜಿಬಿ, ಐನ್‌ಮನೆಯ (ಕುಟುಂಬದ ಮೂಲಮನೆ) ಕಾರ್ಯಗಳ ಫೋಟೊ ಮತ್ತು ವಿಡಿಯೊ 180 ಜಿಬಿ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಪತ್ರಗಳು. ಹೆಚ್ಚಿನ ಫೈಲುಗಳ ಹೆಸರು ಕನ್ನಡದಲ್ಲೇ ಇದೆ. ಮಳೆಗಾಲದಲ್ಲಿ ಅಪ್‌ಲೋಡ್ ವೇಗ 2 ಎಂಬಿಪಿಎಸ್ ಸಿಕ್ಕಿದರೆ ಪುಣ್ಯ.

ಪಟ್ಟಿಯಲ್ಲಿ ಇರುವವು ವಿಂಡೋಸಿನದೇ ಆದ ಫೈಲ್ ಹಿಸ್ಟರಿ, ಫ್ರೀಫೈಲ್‌ಸಿಂಕ್, ಡುಪ್ಲಿಕಾಟಿ, ಕೊಪಿಯಾ, ವೀಮ್ ಏಜೆಂಟ್, ಮ್ಯಾಕ್ರಿಯಂ ಫ್ರೀ. ನಾನು ಊರಲ್ಲಿ ಇಲ್ಲದಾಗ ಮನೆಯಲ್ಲಿರುವವರು ಒಂದು ಫೈಲನ್ನು ತಾವೇ ವಾಪಸ್ ತೆಗೆಯುವಂತಿರಬೇಕು. ಯಾವುದು ಸರಿ?

ಮಡಿಕೇರಿ ರಿಪೇರಿ

ಮೊದಲು ಮ್ಯಾಕ್ರಿಯಂ ಫ್ರೀ ಹೊಡೆದುಹಾಕಿ. ಅದರ ಬೆಂಬಲ 2024ರ ಜನವರಿ 1ಕ್ಕೆ ನಿಂತಿತು. ಅಲ್ಲಿ ಇಲ್ಲಿ ಸಿಗುವ ಹಳೇ ಇನ್‌ಸ್ಟಾಲರ್ ಹಾಕಬೇಡಿ.

ನೀವು ಕೇಳಿದ್ದು ಒಂದು ಕೆಲಸವಲ್ಲ, ಎರಡು. ಚೆಕ್‌ರೋಲ್ ಹಾಳೆಯ ಮೇಲೆ ತಪ್ಪಿ ಸೇವ್ ಒತ್ತಿದರೆ ಮೊನ್ನೆಯ ಪ್ರತಿ ಬೇಕು. ಇದು ಫೈಲ್ ಬ್ಯಾಕಪ್, ಹಳೇ ಆವೃತ್ತಿಗಳ ಸಮೇತ. ಎಸ್‌ಎಸ್‌ಡಿಯೇ ಸತ್ತರೆ ವಿಂಡೋಸ್, ಪ್ರಿಂಟರ್ ಡ್ರೈವರ್, ಟ್ಯಾಲಿ ಎಲ್ಲ ಸೇರಿ ಇಡೀ ಡಿಸ್ಕ್ ಎದ್ದು ನಿಲ್ಲಬೇಕು. ಇದು ಇಮೇಜ್. ಎರಡನ್ನೂ ಒಂದೇ ಸಾಫ್ಟ್‌ವೇರಿನಿಂದ ಮಾಡಿಸಲು ಹೋದರೆ ಒಂದಾದರೂ ಅರೆಬರೆ ಆಗುತ್ತದೆ. ಫೈಲಿಗೆ ಒಂದು, ಇಮೇಜಿಗೆ ವೀಮ್, ಹೀಗೆ ಬೇರೆ ಮಾಡಿ.

ಇನ್ನೊಂದು: ಒನ್‌ಡ್ರೈವ್, ಗೂಗಲ್ ಡ್ರೈವ್, ಸಿಂಕ್‌ಥಿಂಗ್ ಇವು ಸಿಂಕ್ ಮಾಡುವಂಥವು. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಒನ್‌ಡ್ರೈವ್, ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ವಿಂಡೋಸ್ 11 ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಒನ್‌ಡ್ರೈವ್ ಒಳಗೆ ಸರಿಸಿಬಿಟ್ಟಿದೆಯೇ ನೋಡಿ. ಸರಿಸಿದ್ದರೆ ಕೆಲವು ಫೈಲುಗಳು ಬರೀ ಮೋಡದ ಗುರುತಿನೊಂದಿಗೆ ಇರುತ್ತವೆ. ಅವುಗಳ ಹೂರಣ ನಿಮ್ಮ ಡಿಸ್ಕಿನಲ್ಲಿ ಇರುವುದಿಲ್ಲ, ಹಾಗಾಗಿ ಬ್ಯಾಕಪ್ಪಿಗೂ ಬಾರದೆ ಹೋಗಬಹುದು. ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ, ಯಾವಾಗಲೂ ಈ ಕಂಪ್ಯೂಟರಿನಲ್ಲೇ ಇಡು ಎಂಬ ಆಯ್ಕೆ ಹಾಕಿದ ಮೇಲೆಯೇ ಮುಂದಿನ ಕೆಲಸ.

ಗೋಣಿಕೊಪ್ಪ ಲಿನಕ್ಸ್

ಫೈಲುಗಳಿಗೆ ನನ್ನ ಮತ ಕೊಪಿಯಾಗೆ. ಕಮಾಂಡ್ ಬರೆಯಬೇಕಿಲ್ಲ, ಕಿಟಕಿ ಇರುವ ಆವೃತ್ತಿಯೇ ಇದೆ. ಫೈಲನ್ನು ತುಂಡು ಮಾಡಿ, ಮೊದಲೇ ಇರುವ ತುಂಡನ್ನು ಮತ್ತೆ ಬರೆಯದೆ ಇಡುತ್ತದೆ. ಒಂದೇ ಫೋಟೊ ಮೂರು ಫೋಲ್ಡರಿನಲ್ಲಿದ್ದರೂ ಜಾಗ ಒಂದಕ್ಕೆ ಮಾತ್ರ. ಏನೂ ಬದಲಿಸದಿದ್ದರೆ ಕೊನೆಯ 10 ಸ್ನ್ಯಾಪ್‌ಶಾಟ್ (ಒಂದು ಸಲದ ಬ್ಯಾಕಪ್), 48 ಗಂಟೆಯವು, 7 ದಿನದವು, 4 ವಾರದವು, 24 ತಿಂಗಳಿನವು, 3 ವರ್ಷದವು ಉಳಿಯುತ್ತವೆ. ತೋಟದ ಲೆಕ್ಕಕ್ಕೆ ವರ್ಷದ್ದನ್ನು 3ರಿಂದ 10ಕ್ಕೆ ಏರಿಸಿ.

ಎರಡು ಕಡೆ ಎಡವುತ್ತಾರೆ. ಒಂದು, ಕಂಪ್ರೆಷನ್ ತಾನಾಗಿ ಆನ್ ಇರುವುದಿಲ್ಲ. ಪಾಲಿಸಿ ಎಂಬ ಸೆಟ್ಟಿಂಗಿನಲ್ಲಿ ಝಡ್‌ಸ್ಟಾಂಡರ್ಡ್ ಎಂಬ ಕಂಪ್ರೆಷನ್ ವಿಧಾನ ಆರಿಸಿ. ಜೆಪೆಗ್ ಫೋಟೊಗೆ ಪ್ರಯೋಜನ ಇಲ್ಲ, ಟ್ಯಾಲಿ ಡೇಟಾಕ್ಕೆ ಚೆನ್ನಾಗಿ ಆಗುತ್ತದೆ. ಎರಡು, ತೆರೆದಿರುವ ಫೈಲು. ತೆರೆದ ಫೈಲನ್ನೂ ಓದಲು ವಿಂಡೋಸಿನ ಶ್ಯಾಡೋ ಕಾಪಿ ಬಳಸುವ ಆಯ್ಕೆಯೂ ಮೊದಲಿಗೆ ಆಫ್ ಇರುತ್ತದೆ, ಮತ್ತು ಅದಕ್ಕೆ ಅಡ್ಮಿನ್ ಆಗಿ ಓಡಿಸಬೇಕು. ಇಲ್ಲದಿದ್ದರೆ ಮೇಲ್ ಪ್ರೋಗ್ರಾಮಿನ ಡೇಟಾ ಫೈಲಿನಂಥವು ತೆರೆದಿದ್ದಾಗ ಓದಲಾಗಲಿಲ್ಲ ಎಂಬ ದೋಷ ಬರುತ್ತದೆ.

ವಿರಾಜಪೇಟೆ ಲೆಕ್ಕಪತ್ರ

ಗೋಣಿಕೊಪ್ಪದವರೇ, ಕೊಪಿಯಾ ಗಟ್ಟಿ ಸಾಫ್ಟ್‌ವೇರ್ ಎಂಬುದರಲ್ಲಿ ತಕರಾರಿಲ್ಲ. ಆದರೆ ಪ್ರಶ್ನೆಯ ಕೊನೇ ಸಾಲು ನೋಡಿ. ಮನೆಯವರು ತಾವೇ ತೆಗೆಯಬೇಕು. ಕೊಪಿಯಾ ಬರೆದ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿದರೆ ಕಾಣುವುದು ಅರ್ಥವಾಗದ ಹೆಸರಿನ ತುಂಡುಗಳು. ಕೊಪಿಯಾ ಹಾಕಬೇಕು, ಸಂಗ್ರಹಕ್ಕೆ ಜೋಡಿಸಬೇಕು, ಪಾಸ್‌ವರ್ಡ್ ಕೊಡಬೇಕು. ಪಾಸ್‌ವರ್ಡ್ ಮರೆತರೆ 200 ಜಿಬಿಯೂ ಹೋಯಿತು, ಹಿಂಬಾಗಿಲು ಎಂಬುದೇ ಇಲ್ಲ.

ಈ ಮನೆಗೆ ಫ್ರೀಫೈಲ್‌ಸಿಂಕ್ ಸರಿ. ಡಿಸ್ಕ್ ಚುಚ್ಚಿದ ಯಾವ ಕಂಪ್ಯೂಟರಿನಲ್ಲೂ ಫೋಟೊ ಫೋಟೊ ಆಗಿಯೇ, ಪಹಣಿ ಪಹಣಿಯಾಗಿಯೇ ತೆರೆಯುತ್ತದೆ. ಹೊಂದಿಸುವುದು ಹೀಗೆ:

ಎಡಗಡೆ ಮೂಲ ಫೋಲ್ಡರುಗಳು, ಬಲಗಡೆ ಬ್ಯಾಕಪ್ ಡಿಸ್ಕಿನಲ್ಲಿ ಒಂದು ಫೋಲ್ಡರ್. ಹೋಲಿಕೆ ವಿಧಾನ ‘ಸಮಯ ಮತ್ತು ಗಾತ್ರ’. ಸಿಂಕ್ ವಿಧಾನ ‘ಮಿರರ್’. ಇಷ್ಟಕ್ಕೇ ಬಿಟ್ಟರೆ ಅಪಾಯ, ಏಕೆಂದರೆ ಮಿರರ್ ಎಂದರೆ ಮೂಲದಲ್ಲಿ ಅಳಿದದ್ದು ಪ್ರತಿಯಲ್ಲೂ ಅಳಿಯಬೇಕು ಎಂದರ್ಥ. ಆದ್ದರಿಂದ ಅಳಿಸುವ ವಿಧಾನವನ್ನು ‘ವರ್ಷನಿಂಗ್’ ಮಾಡಿ, ಅದಕ್ಕೆ ಅದೇ ಡಿಸ್ಕಿನಲ್ಲಿ ಬೇರೊಂದು ಫೋಲ್ಡರ್ ಕೊಡಿ. ಮಿರರ್ ಫೋಲ್ಡರಿನ ಒಳಗೆ ಮಾತ್ರ ಕೊಡಬೇಡಿ. ಹೆಸರಿಡುವ ಕ್ರಮ ಸಮಯದ ಮುದ್ರೆ. ಹಳತನ್ನು 400 ದಿನ ಇಡಿ, ಒಂದು ಕೊಯ್ಲಿನಿಂದ ಮುಂದಿನ ಕೊಯ್ಲಿನವರೆಗೆ ಹಿಂದೆ ನೋಡಲು ಅಷ್ಟು ಬೇಕು.

ಇದನ್ನು ಬ್ಯಾಚ್ ಕೆಲಸವಾಗಿ ಉಳಿಸಿ ಡೆಸ್ಕ್‌ಟಾಪಿನಲ್ಲಿಡಿ. ಆದರೆ ದೋಷಗಳನ್ನು ಕಡೆಗಣಿಸು ಎಂಬುದಕ್ಕೆ ಗುರುತು ಹಾಕಬೇಡಿ. ಎರಡು ಕಡೆಯ ಫೋಲ್ಡರುಗಳು ತೀರಾ ಬೇರೆಯಾಗಿ ಕಂಡರೆ ಫ್ರೀಫೈಲ್‌ಸಿಂಕ್ ನಿಂತು ಎಚ್ಚರಿಸುತ್ತದೆ. ಫೋಲ್ಡರುಗಳನ್ನು ನೀವೇ ಅದಲುಬದಲು ಮಾಡದೆ ಅದು ಬಂದರೆ ಹೆಚ್ಚಾಗಿ ಎರಡು ಕಾರಣ: ತಪ್ಪು ಡಿಸ್ಕ್, ಅಥವಾ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಫೈಲುಗಳನ್ನೆಲ್ಲ ಬದಲಿಸಿದೆ. ಮುಂದುವರಿಸದೆ ಡಿಸ್ಕ್ ಕಿತ್ತಿಡಿ.

ಟ್ಯಾಲಿ ವಿಷಯ ಪ್ರತ್ಯೇಕ. ಅದರ ಡೇಟಾ ಸಾಮಾನ್ಯವಾಗಿ ನಿಮ್ಮ ಡಾಕ್ಯುಮೆಂಟ್ಸ್ ಒಳಗೆ ಇರುವುದಿಲ್ಲ. ಟ್ಯಾಲಿಯೊಳಗೆ ಡೇಟಾ ಪಾತ್ ಎಲ್ಲಿ ತೋರಿಸುತ್ತದೋ ಆ ಫೋಲ್ಡರನ್ನು ಪಟ್ಟಿಗೆ ಕೈಯಾರೆ ಸೇರಿಸಿ. ಕಂಪನಿ ತೆರೆದಿರುವಾಗ ಫೋಲ್ಡರ್ ನಕಲು ಮಾಡಿದರೆ ಅರ್ಧ ಬರೆದ ಫೈಲ್ ಬರಬಹುದು. ಮೊದಲು ಕಂಪನಿ ಶಟ್ ಮಾಡಿ. ಇದರ ಜೊತೆಗೆ ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿ ಬರುವ ಬ್ಯಾಕಪ್ಪನ್ನೂ ತೆಗೆದು ಡಾಕ್ಯುಮೆಂಟ್ಸ್ ಒಳಗಿಡಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೂಲಿ ಬಟವಾಡೆ ಆದ ದಿನವೇ ಮಾಡಬೇಕು, ಉಳಿದ ದಿನಗಳಲ್ಲಿ ವಾರಕ್ಕೊಮ್ಮೆ ಸಾಕು.

ಗೋಣಿಕೊಪ್ಪ ಲಿನಕ್ಸ್

ಮನೆಯವರ ಮಾತು ಒಪ್ಪಿದೆ. ಆದರೂ ಡಿಸ್ಕ್ ಕಳೆದರೆ ಸಿಕ್ಕವರಿಗೆ ನಿಮ್ಮ ಪಹಣಿ, ಆಧಾರ್, ಬ್ಯಾಂಕ್ ಕಾಗದ ಎಲ್ಲ ತೆರೆದ ಪುಸ್ತಕ. ಕೊನೇಪಕ್ಷ ಮನೆಯಿಂದ ಹೊರಗೆ ಹೋಗುವ ಪ್ರತಿಗೆ ಬೀಗ ಬೇಕು.

ಇನ್ನು ಬ್ಯಾಚ್ ಫೈಲ್ ಬರೆದು ವಿಂಡೋಸಿನ ನಕಲು ಕಮಾಂಡ್ ಆದ ರೋಬೋಕಾಪಿ ಓಡಿಸುವ ಆಸೆ ಯಾರಿಗಾದರೂ ಇದ್ದರೆ: ಓದಲಾಗದ ಫೈಲ್ ಸಿಕ್ಕಿದರೆ ಅದು ತಾನಾಗಿ 10 ಲಕ್ಷ ಸಲ, ಪ್ರತಿ ಸಲ 30 ಸೆಕೆಂಡ್ ಕಾದು ಪ್ರಯತ್ನಿಸುತ್ತದೆ. ನಿಂತೇಹೋಯಿತು ಅನ್ನಿಸುವುದು ಅದಕ್ಕೇ. ಮರುಪ್ರಯತ್ನ 1, ಕಾಯುವಿಕೆ 1 ಎಂದು ಕೊಡಬೇಕು. ಬ್ಯಾಚ್ ಫೈಲಿನಲ್ಲಿ ಕನ್ನಡ ಫೋಲ್ಡರ್ ಹೆಸರಿದ್ದರೆ ಅದನ್ನು ಯುಟಿಎಫ್-8ರಲ್ಲಿ (ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮ) ಉಳಿಸಿ, ಮೊದಲ ಸಾಲಿನಲ್ಲಿ ಕೋಡ್ ಪೇಜ್ 65001ಕ್ಕೆ ಬದಲಿಸಬೇಕು. ಇಲ್ಲದಿದ್ದರೆ ಫೋಲ್ಡರೇ ಇಲ್ಲ ಎನ್ನುತ್ತದೆ.

ಸೋಮವಾರಪೇಟೆ ಲಿಪಿ

ಕನ್ನಡ ಹೆಸರಿನ ಮಾತು ಬಂತಲ್ಲ, ಅದನ್ನು ಬಿಡಿಸಿ ಹೇಳಬೇಕು. ಬ್ಯಾಕಪ್ ವಿಫಲವಾಗುವ ಕಾರಣಗಳಲ್ಲಿ ಇದನ್ನು ಯಾರೂ ಎಣಿಸುವುದಿಲ್ಲ.

‘ಮಡಿಕೇರಿ’ ಎಂಬುದು ಕಣ್ಣಿಗೆ 4 ಅಕ್ಷರ. ಕಂಪ್ಯೂಟರಿಗೆ 7 ಸಂಕೇತ, ಗುಣಿತದ ಚಿಹ್ನೆಗಳು ಬೇರೆ ಬೇರೆ ಎಣಿಕೆ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್, ಅಂದರೆ 21 ಬೈಟ್. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸುವ ವಿಂಡೋಸಿನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಒಂದು ಹೆಸರಿಗೆ 255 ಸಂಕೇತ ಒಪ್ಪುತ್ತದೆ. ಲಿನಕ್ಸಿನ ಎಕ್ಸ್ಟ್4 ಒಪ್ಪುವುದು 255 ಬೈಟ್, ಅಂದರೆ ಕನ್ನಡಕ್ಕೆ 85 ಸಂಕೇತ ಮಾತ್ರ. ‘ಅಜ್ಜನ ಕಾಲದ ಜಮ್ಮಾ ಬಾಣೆ ಹಕ್ಕು ಪತ್ರದ ನಕಲು ಮತ್ತು ತಹಶೀಲ್ದಾರರ ಕಚೇರಿಯ ಹಿಂಬರಹ ಎರಡನೇ ಪುಟ’ ಎಂಬಂಥ ಹೆಸರೇ 200 ಬೈಟ್ ದಾಟುತ್ತದೆ. ಇನ್ನೂ ಸ್ವಲ್ಪ ಉದ್ದವಾದರೆ ವಿಂಡೋಸಿನಲ್ಲಿ ಸುಖವಾಗಿ ಇರುತ್ತದೆ, ಲಿನಕ್ಸ್ ಓಡುವ ಮನೆಯ ನ್ಯಾಸ್ ಪೆಟ್ಟಿಗೆಗೆ (ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ) ನಕಲು ಮಾಡುವಾಗ ಅದೊಂದೇ ಫೈಲ್ ಬಿದ್ದುಹೋಗುತ್ತದೆ. ಸಿನಾಲಜಿ ನ್ಯಾಸಿನ ಗೂಢಲಿಪಿ ಹಾಕಿದ ಫೋಲ್ಡರಿನಲ್ಲಿ ಮಿತಿ ಇನ್ನೂ ಕಡಿಮೆ, 143 ಬೈಟ್. ಕನ್ನಡಕ್ಕೆ 47 ಸಂಕೇತ, ಮೇಲಿನ ಹೆಸರೂ ಹಿಡಿಸದು.

ಫೈಲ್ ಹಿಸ್ಟರಿ ಒಂದೊಂದು ಪ್ರತಿಯ ಹೆಸರಿನ ಕೊನೆಗೆ ದಿನಾಂಕ ಮತ್ತು ಸಮಯ ಸೇರಿಸುತ್ತದೆ. ಮೊದಲೇ ಉದ್ದ ಇದ್ದ ದಾರಿ (ಫೋಲ್ಡರುಗಳ ಹೆಸರೂ ಸೇರಿದ ಪೂರ್ತಿ ವಿಳಾಸ) ಅದರಿಂದ ಮಿತಿ ದಾಟಿ, ಫೈಲ್ ಬಿಟ್ಟುಹೋಗುತ್ತದೆ. ಹೆಸರು 40 ಸಂಕೇತದೊಳಗೆ ಇಡಿ, ವಿವರವನ್ನು ಒಂದು ಎಕ್ಸೆಲ್ ಪಟ್ಟಿಯಲ್ಲಿ ಬರೆಯಿರಿ.

ಎರಡನೆಯದು, ಒಂದೇ ಹೆಸರಿನ ಎರಡು ಫೈಲು. ‘ಕೋ’ದಲ್ಲಿರುವ ಓತ್ವವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರಾಗಿ ಬಿಡಿಸಿಯೂ ಬರೆಯಬಹುದು. ಹಳೇ ಮ್ಯಾಕ್ ಡಿಸ್ಕುಗಳು ಬಿಡಿಸಿದ ರೂಪದಲ್ಲಿ ಇಡುತ್ತಿದ್ದವು. ಅಲ್ಲಿಂದ ಲಿನಕ್ಸಿಗೆ ಬಂದಾಗ ಕಣ್ಣಿಗೆ ಒಂದೇ ಥರ ಕಾಣುವ ಎರಡು ‘ತೋಟ’ ಫೋಲ್ಡರ್ ಎದ್ದು ನಿಲ್ಲುತ್ತವೆ. ಕೀಬೋರ್ಡ್ ಬದಲಾದಾಗ ಕಾಣದ ಜೋಡಿಸುವ ಅಥವಾ ಬಿಡಿಸುವ ಚಿಹ್ನೆ ನುಸುಳಿದರೂ ಇದೇ ಕತೆ. ಎರಡರಲ್ಲಿ ಒಂದನ್ನು ಅಳಿಸುವ ಮೊದಲು ಒಳಗಿನ ಫೈಲುಗಳ ಎಣಿಕೆ ಹೋಲಿಸಿ.

ಹಳೇ ಝಿಪ್ ಪ್ರೋಗ್ರಾಮಿನಲ್ಲಿ ಕಟ್ಟಿ ಇಡಬೇಡಿ. ಹೆಸರು ಯುಟಿಎಫ್-8 ಎಂದು ಗುರುತು ಹಾಕದ ಝಿಪ್ ಬಿಚ್ಚಿದಾಗ ಕನ್ನಡ ಹೆಸರೆಲ್ಲ ಕಸವಾಗಿ ಬರುತ್ತದೆ. 7-ಝಿಪ್ಪಿನ ಸ್ವಂತ ನಮೂನೆ ಆದೀತು.

ನುಡಿಯ ಪತ್ರಗಳ ಬಗ್ಗೆ: ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಡಾಕ್ಯುಮೆಂಟಿನ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಗೀಚು. ಹೊಸ ಕಂಪ್ಯೂಟರಿಗೆ ಪತ್ರ ಸರಿಯಾಗಿಯೇ ವಾಪಸ್ ಬಂದಿರುತ್ತದೆ, ಫಾಂಟ್ ಇಲ್ಲದ ಕಾರಣ ಬ್ಯಾಕಪ್ ಕೆಟ್ಟಿದೆ ಎಂದು ಜನ ಅಳಿಸಿಬಿಡುತ್ತಾರೆ. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟುಗಳನ್ನು, ನುಡಿಯ ಇನ್‌ಸ್ಟಾಲರ್ ಸಮೇತ, ಪತ್ರಗಳ ಪಕ್ಕದಲ್ಲೇ ಇಡಿ. ಮುಖ್ಯವಾದವನ್ನು ಯುನಿಕೋಡಿಗೆ ಬದಲಿಸಿ, ಮೂಲವನ್ನೂ ಉಳಿಸಿಕೊಳ್ಳಿ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರ ತಪ್ಪುವುದುಂಟು.

ನಾಪೋಕ್ಲು ತೋಟದಮನೆ

ಫಾಂಟಿನ ವಿಷಯ ಹೊಳೆದೇ ಇರಲಿಲ್ಲ. ಫೈಲ್ ಹಿಸ್ಟರಿ ಮತ್ತು ಡುಪ್ಲಿಕಾಟಿ ಎರಡನ್ನೂ ಕೈಬಿಡಬಹುದೇ? ಡಿಸ್ಕ್ ಯಾವುದು ತರಲಿ, ಎಲ್ಲಿಡಲಿ? ಕಕ್ಕಡದಲ್ಲಿ (ಜೋರು ಮಳೆಯ ತಿಂಗಳು) ಗೋಡೆಗೇ ಬೂಷ್ಟು ಹಿಡಿಯುವ ಮನೆ.

ವಿರಾಜಪೇಟೆ ಲೆಕ್ಕಪತ್ರ

ಫೈಲ್ ಹಿಸ್ಟರಿ ಗಂಟೆಗೊಮ್ಮೆ ಪ್ರತಿ ತೆಗೆಯುತ್ತದೆ, ಡಿಸ್ಕ್ ಸದಾ ಚುಚ್ಚಿರಬೇಕು. ಸದಾ ಚುಚ್ಚಿದ ಡಿಸ್ಕನ್ನು ರ‍್ಯಾನ್ಸಮ್‌ವೇರ್ ಬಿಡುವುದಿಲ್ಲ, ಸಿಡಿಲೂ ಬಿಡುವುದಿಲ್ಲ. ಜೊತೆಗೆ ವಿಂಡೋಸ್ 11ರಲ್ಲಿ ಅದು ಕಂಟ್ರೋಲ್ ಪ್ಯಾನೆಲ್ ಮೂಲೆಯಲ್ಲಿದೆ, ಲೈಬ್ರರಿಗೆ ಸೇರಿಸದ ಫೋಲ್ಡರನ್ನು ಮುಟ್ಟುವುದಿಲ್ಲ. ಬಿಡಿ.

ಗೋಣಿಕೊಪ್ಪ ಲಿನಕ್ಸ್

ಡುಪ್ಲಿಕಾಟಿಯ ಕಷ್ಟ ಅದರ ಸ್ಥಳೀಯ ಡೇಟಾಬೇಸ್. ಕಂಪ್ಯೂಟರ್ ಸತ್ತರೆ ಅದೂ ಹೋಗುತ್ತದೆ. ರೀಸ್ಟೋರ್ ಮಾಡುವಾಗ ಬ್ಯಾಕಪ್ ಫೈಲುಗಳಿಂದ ಮತ್ತೆ ಕಟ್ಟಿಕೊಳ್ಳುತ್ತದೆ ನಿಜ, ಸಂಗ್ರಹ ದೊಡ್ಡದಿದ್ದರೆ ಬಹಳ ಹೊತ್ತು ಹಿಡಿಯುತ್ತದೆ. ನಡುವೆ ಕರೆಂಟ್ ಹೋಗಿ ಡೇಟಾಬೇಸ್ ಕೆಟ್ಟರೆ ರಿಪೇರಿ ಒತ್ತಬೇಕು. ನಮ್ಮ ಕಡೆಯ ಕರೆಂಟಿಗೆ ಹೊಂದುವಂಥದ್ದಲ್ಲ.

ಮಡಿಕೇರಿ ರಿಪೇರಿ

ಡಿಸ್ಕ್: 1 ಟಿಬಿಯ ಎರಡು ಯುಎಸ್‌ಬಿ 3 ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿ ಬೇಡ, ಕಪಾಟಿನಲ್ಲಿ ಇಡುವುದಕ್ಕೆ ಅದು ಹೇಳಿದ್ದಲ್ಲ. ಬರೆಯುವ ಆಯಸ್ಸು ಪೂರ್ತಿ ಮುಗಿಸಿದ ಸಾಮಾನ್ಯ ಎಸ್‌ಎಸ್‌ಡಿ ಕರೆಂಟ್ ಇಲ್ಲದೆ 30 ಡಿಗ್ರಿಯಲ್ಲಿ 1 ವರ್ಷ ಡೇಟಾ ಹಿಡಿದಿಟ್ಟರೆ ಸಾಕೆಂಬುದೇ ಚಿಪ್ ಉದ್ಯಮದ ಸಂಸ್ಥೆ ಜೆಡೆಕ್‌ನ ಮಾನದಂಡ. ಹೊಸತು ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ, ಆದರೆ ಆ ಲೆಕ್ಕಕ್ಕೆ ಪಹಣಿ ಒಪ್ಪಿಸಬಾರದು. ಎರಡೂವರೆ ಇಂಚಿನ ಪೋರ್ಟಬಲ್ ಡಿಸ್ಕುಗಳಲ್ಲಿ ಹೆಚ್ಚಿನವು ಎಸ್‌ಎಂಆರ್, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಸಾಲು ಬರೆಯುವಂಥವು. ಹಳೇ ಜಾಗದ ಮೇಲೆ ಮತ್ತೆ ಬರೆಯುವಾಗ ವೇಗ ಕುಸಿಯುತ್ತದೆ. ಕೆಟ್ಟಿದೆ ಎಂದು ಎಳೆದುಬಿಡಬೇಡಿ. ಮೊದಲ ಸಲ 200 ಜಿಬಿ ಸೆಕೆಂಡಿಗೆ 100 ಎಂಬಿಯಲ್ಲಿ ಓಡಿದರೆ 35 ನಿಮಿಷ, ಸಣ್ಣ ಫೈಲುಗಳಿಂದಾಗಿ ಅದರ ಎರಡು ಪಟ್ಟು ಇಟ್ಟುಕೊಳ್ಳಿ. ಕಪ್ಪು ಯುಎಸ್‌ಬಿ 2 ತೂತಿಗೆ ಚುಚ್ಚಿದರೆ ಎರಡು ಗಂಟೆಯ ಹತ್ತಿರ.

ಫಾರ್ಮ್ಯಾಟ್ ಎನ್‌ಟಿಎಫ್‌ಎಸ್. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ವಿಡಿಯೊ ಕೂರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಇಲ್ಲ, ಬರೆಯುವಾಗ ಕರೆಂಟ್ ಹೋದರೆ ಫೋಲ್ಡರ್ ಪಟ್ಟಿಯೇ ಕೆಡಬಹುದು. ಯುಪಿಎಸ್ ಇಲ್ಲದೆ ಬ್ಯಾಕಪ್ ಓಡಿಸಬೇಡಿ. 600 ವಿಎ ಯುಪಿಎಸ್ ಇರುವುದು ಓಡುತ್ತಿರುವ ಕೆಲಸ ನಿಲ್ಲಿಸಿ ಕ್ರಮವಾಗಿ ಮುಚ್ಚಲಿಕ್ಕೆ, ಮುಗಿಸಲಿಕ್ಕೆ ಅಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೋಡ ಕಟ್ಟುವಾಗಲೇ ಪ್ಲಗ್ ಕಿತ್ತಿಡಿ. ನೆಟ್‌ವರ್ಕ್ ಕೇಬಲನ್ನೂ. ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಇಡುವ ಜಾಗ: ರಬ್ಬರ್ ಅಂಚಿನ, ಗಾಳಿಯಾಡದ ಡಬ್ಬಿ. ಒಳಗೆ 100 ಗ್ರಾಂ ಬಣ್ಣ ಬದಲಿಸುವ ಸಿಲಿಕಾ ಜೆಲ್. ಕಿತ್ತಳೆ ಬಣ್ಣದ್ದು ಹಸಿರಾದರೆ ತೇವ ಕುಡಿದು ತುಂಬಿತು ಎಂದರ್ಥ, ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ಅಕ್ಕಿ ಹಾಕಬೇಡಿ, ಧೂಳು ಬಿಡುತ್ತದೆ, ಹುಳ ಬರುತ್ತದೆ. ಬೆಚ್ಚಗಿರುತ್ತದೆ ಎಂದು ಒಲೆಯ ಮೇಲಿನ ಅಟ್ಟದಲ್ಲೂ ಬೇಡ, ಹೊಗೆ ಮತ್ತು ಶಾಖ ಎರಡೂ ಕೆಡುಕು. ತಣ್ಣಗಿನ ಕೋಣೆಯಿಂದ ತಂದ ಡಿಸ್ಕನ್ನು ಡಬ್ಬಿ ತೆರೆಯದೆ ಒಂದು ಗಂಟೆ ಬಿಟ್ಟು ಆಮೇಲೆ ಚುಚ್ಚಿ, ಒಳಗೆ ನೀರು ಪಸೆ ಹಿಡಿಯುವುದು ತಪ್ಪುತ್ತದೆ.

ಆರು ತಿಂಗಳಿಗೊಮ್ಮೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ 05, ಸಿ5, ಸಿ6 ಈ ಮೂರು ಸಾಲು ನೋಡಿ. ಕಚ್ಚಾ ಅಂಕಿ ಸೊನ್ನೆ ಇರಬೇಕು. ಸಿ5 ಸೊನ್ನೆಯಿಂದ ಏರಿದರೆ ಓದಲಾಗದ ಜಾಗ ಹುಟ್ಟುತ್ತಿದೆ. ಆ ಡಿಸ್ಕಿಗೆ ನಿವೃತ್ತಿ.

ಕುಶಾಲನಗರ ನೆಟ್‌ವರ್ಕ್

ಎರಡು ಡಿಸ್ಕ್ ಸರಿ, ಎರಡೂ ಒಂದೇ ಸೂರಿನಡಿ ಇದ್ದರೆ ಸರಿಯಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಮನೆಯೊಂದಿಗೆ ಕಪಾಟೂ ಹೋಯಿತು. ಎರಡನೇ ಡಿಸ್ಕ್ ಅದೇ ಗುಡ್ಡದ ಇನ್ನೊಂದು ಮಗ್ಗುಲಿಗೂ ಬೇಡ. ಬಯಲು ಸೀಮೆಯ ನೆಂಟರ ಮನೆ, ಇಲ್ಲವೇ ಬ್ಯಾಂಕ್ ಲಾಕರ್. ಮೇ ಕೊನೆಯೊಳಗೆ ಹೊಸ ಪ್ರತಿ ಅಲ್ಲಿಗೆ ಸೇರಿರಬೇಕು.

ಇಂಟರ್ನೆಟ್ ಲೆಕ್ಕ ಕೇಳಿ. 200 ಜಿಬಿ 2 ಎಂಬಿಪಿಎಸ್‌ನಲ್ಲಿ ಏರಲು 222 ಗಂಟೆ, ಒಂದು ಕ್ಷಣವೂ ಕಡಿಯದೆ 9 ದಿನದ ಮೇಲೆ. ಅದು ಮಳೆಗಾಲದಲ್ಲಿ ಆಗುವ ಮಾತಲ್ಲ. ಟ್ಯಾಲಿ ಮತ್ತು ದಾಖಲೆಗಳ 16 ಜಿಬಿ ಮಾತ್ರವಾದರೆ ಸುಮಾರು 18 ಗಂಟೆ, ನಾಲ್ಕು ರಾತ್ರಿಯಲ್ಲಿ ಮುಗಿಯುತ್ತದೆ. ಮುಂದೆ ಬದಲಾದದ್ದಷ್ಟೇ. ಗೂಗಲಿನ ಉಚಿತ 15 ಜಿಬಿಯಲ್ಲಿ ಮೇಲ್ ಮತ್ತು ಫೋಟೊ ಸೇರಿಯೇ ಎಣಿಕೆ, ಸಾಲದು.

ಗೋಣಿಕೊಪ್ಪದವರ ಕೊಪಿಯಾಗೆ ಇಲ್ಲಿ ಜಾಗವಿದೆ. ಮನೆಯ ಡಿಸ್ಕಿಗೆ ತೆರೆದ ನಕಲು, ಮೋಡಕ್ಕೆ (ಇಂಟರ್ನೆಟ್ ಸಂಗ್ರಹಕ್ಕೆ) ಕೊಪಿಯಾದ ಬೀಗ ಹಾಕಿದ ತುಂಡುಗಳು. ಬ್ಯಾಕ್‌ಬ್ಲೇಝ್ ಬಿ2 ಅಥವಾ ಅಮೆಜಾನಿನ ಎಸ್3 ಮಾದರಿಯ ಬಾಡಿಗೆ ಸಂಗ್ರಹಕ್ಕೆ ಅದು ನೇರ ಬರೆಯುತ್ತದೆ. ನಡುವೆ ಕರೆಂಟ್ ಹೋದರೂ ಆಗಲೇ ಏರಿದ ತುಂಡುಗಳು ಮತ್ತೆ ಏರುವುದಿಲ್ಲ. ಅಪ್‌ಲೋಡ್ ವೇಗಕ್ಕೆ ಮಿತಿ ಹಾಕಿ, ಇಲ್ಲದಿದ್ದರೆ ಮನೆಯ ಫೋನುಗಳೆಲ್ಲ ನಿಲ್ಲುತ್ತವೆ.

ಗೋಣಿಕೊಪ್ಪ ಲಿನಕ್ಸ್

ಹೀಗಾದರೆ ನನಗೂ ಸಮಾಧಾನ. ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಎರಡು ಪ್ರತಿ ಮಾಡಿ. ಒಂದು ಮೂಲ ಪಹಣಿ ಇರುವ ಪೆಟ್ಟಿಗೆಯಲ್ಲಿ, ಇನ್ನೊಂದು ನೆಂಟರ ಮನೆಯಲ್ಲಿ, ಆದರೆ ಡಿಸ್ಕಿನ ಡಬ್ಬಿಯೊಳಗೆ ಅಲ್ಲ. ಸಂಗ್ರಹದ ಹೆಸರು, ಕೀಲಿಯ ಗುರುತು, ಯಾವ ಸೇವೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಬರೀ ಪಾಸ್‌ವರ್ಡಿನಿಂದ ಬಾಗಿಲು ಸಿಗುವುದಿಲ್ಲ.

ಮಡಿಕೇರಿ ರಿಪೇರಿ

ಇಮೇಜ್ ಭಾಗ ಚುಟುಕಾಗಿ. ವೀಮ್ ಏಜೆಂಟಿನ ಉಚಿತ ಆವೃತ್ತಿ ಹಾಕಿ, ಇಡೀ ಕಂಪ್ಯೂಟರ್ ಆರಿಸಿ, ತಿಂಗಳಿಗೊಮ್ಮೆ. ಮೊದಲ ದಿನವೇ ರಿಕವರಿ ಪೆನ್‌ಡ್ರೈವ್ ಮಾಡಿ, ಅದರಲ್ಲಿ ಈ ಕಂಪ್ಯೂಟರಿನ ಡ್ರೈವರುಗಳನ್ನು ಸೇರಿಸುವ ಗುರುತು ಇರಲಿ. ಆ ಪೆನ್‌ಡ್ರೈವಿನಿಂದ ಒಮ್ಮೆ ಬೂಟ್ ಮಾಡಿ, ಬ್ಯಾಕಪ್ ಡಿಸ್ಕ್ ಕಾಣುತ್ತದೆಯೇ ಎಂದಷ್ಟೇ ನೋಡಿ ಹೊರಬನ್ನಿ. ಕಾಣದಿದ್ದರೆ ಇಮೇಜ್ ಇದ್ದೂ ಇಲ್ಲದ ಹಾಗೆ.

ವಿಂಡೋಸ್ 11 ಹೋಂನಲ್ಲೂ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿಗೆ ಗೂಢಲಿಪಿಯ ಬೀಗ) ತಾನಾಗಿ ಆನ್ ಆಗಿರಬಹುದು. ಸೆಟ್ಟಿಂಗ್ಸ್‌ನ ಪ್ರೈವೆಸಿ ಮತ್ತು ಸೆಕ್ಯುರಿಟಿಯಲ್ಲಿ ನೋಡಿ. ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಅದನ್ನೂ ಆ ಹಾಳೆಗೆ ಇಳಿಸಿ. ಮದರ್‌ಬೋರ್ಡ್ ಬದಲಿಸಿದ ದಿನ ಅದಿಲ್ಲದೆ ಡಿಸ್ಕ್ ತೆರೆಯುವುದಿಲ್ಲ.

ನಾಪೋಕ್ಲು ತೋಟದಮನೆ

ಫ್ರೀಫೈಲ್‌ಸಿಂಕ್, ವೀಮ್, 16 ಜಿಬಿಗೆ ಮಾತ್ರ ಕೊಪಿಯಾ. ಎರಡು ಡಿಸ್ಕ್ ತರುತ್ತೇನೆ. ಉಳಿದದ್ದು ಎರಡು ಪ್ರಶ್ನೆ. ಸರಿಯಾಗಿ ನಡೆದಿದೆ ಎಂದು ಪರೀಕ್ಷಿಸುವುದು ಹೇಗೆ? ಡಿಸ್ಕ್ ಬದಲಿಸಿದಾಗ ಅಕ್ಷರ ಇ ಇದ್ದದ್ದು ಎಫ್ ಆದರೆ ಬ್ಯಾಚ್ ಕೆಲಸ ತಪ್ಪುವುದಿಲ್ಲವೇ?

ವಿರಾಜಪೇಟೆ ಲೆಕ್ಕಪತ್ರ

ಪರೀಕ್ಷೆ ಮೂರು ತಿಂಗಳಿಗೊಮ್ಮೆ, ಬೇರೆ ಕಂಪ್ಯೂಟರಿನಲ್ಲಿ. ತೆರೆಯಬೇಕಾದ್ದು: ಹಳೇ ವರ್ಷದ ಒಂದು ಫೋಟೊ, ಉದ್ದ ಕನ್ನಡ ಹೆಸರಿನ ಒಂದು ಸ್ಕ್ಯಾನ್, ವರ್ಷನ್ ಫೋಲ್ಡರಿನಿಂದ ಒಂದು ಹಳೇ ಚೆಕ್‌ರೋಲ್, ನುಡಿಯ ಒಂದು ಪತ್ರ, ಟ್ಯಾಲಿ. ಟ್ಯಾಲಿಯನ್ನು ಇರುವ ಕಂಪನಿಯ ಮೇಲೆಯೇ ರೀಸ್ಟೋರ್ ಮಾಡಬೇಡಿ, ಇಂದಿನ ಲೆಕ್ಕ ಅಳಿದು ಅಂದಿನದು ಕೂರುತ್ತದೆ. ಖಾಲಿ ಫೋಲ್ಡರಿಗೆ ತೆಗೆದು, ಟ್ರಯಲ್ ಬ್ಯಾಲೆನ್ಸ್ ಮೊತ್ತ ಬ್ಯಾಕಪ್ ತೆಗೆದ ದಿನದ ಮುದ್ರಿತ ಪ್ರತಿಗೆ ತಾಳೆಯಾಗುತ್ತದೆಯೇ ನೋಡಿ. ಈ ಕೆಲಸವನ್ನು ನೀವು ಪಕ್ಕದಲ್ಲಿ ಕೂತು, ಮನೆಯವರ ಕೈಯಿಂದಲೇ ಮಾಡಿಸಿ.

ವರ್ಷಕ್ಕೊಮ್ಮೆ ಹೋಲಿಕೆ ವಿಧಾನವನ್ನು ‘ಫೈಲಿನ ಒಳಗಿನದು’ ಎಂದು ಬದಲಿಸಿ ಬರೀ ಹೋಲಿಸಿ, ಸಿಂಕ್ ಒತ್ತಬೇಡಿ. ಸಮಯ ಮತ್ತು ಗಾತ್ರ ಒಂದೇ ಇದ್ದು ಒಳಗೆ ಬೇರೆಯಾದ ಫೈಲ್ ಸಿಕ್ಕಿದರೆ ಎರಡರಲ್ಲಿ ಒಂದು ಕೊಳೆತಿದೆ. ಎರಡನ್ನೂ ತೆರೆದು ನೋಡಿ ಸರಿಯಾದದ್ದನ್ನು ಉಳಿಸಿ.

ಡಿಸ್ಕಿನ ಅಕ್ಷರಕ್ಕೆ ಉಪಾಯ ಇದೆ. ಫ್ರೀಫೈಲ್‌ಸಿಂಕ್‌ನಲ್ಲಿ ಬಲಗಡೆಯ ದಾರಿಯನ್ನು ಡ್ರೈವ್ ಅಕ್ಷರದ ಬದಲು ಚೌಕ ಆವರಣದೊಳಗೆ ಡಿಸ್ಕಿನ ಹೆಸರು ಕೊಟ್ಟು ಬರೆಯಬಹುದು. ಎರಡೂ ಡಿಸ್ಕಿಗೆ ಒಂದೇ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಇಟ್ಟರೆ ಒಂದೇ ಬ್ಯಾಚ್ ಕೆಲಸ ಎರಡಕ್ಕೂ ಸಾಕು. ಒಂದೇ ಎಚ್ಚರ, ಎರಡನ್ನೂ ಒಟ್ಟಿಗೆ ಚುಚ್ಚಬಾರದು. ಯಾವುದು ಮನೆಯದು, ಯಾವುದು ಹೊರಗಿನದು ಎಂದು ಮೇಲೆ ಚೀಟಿ ಅಂಟಿಸಿ, ಪ್ರತಿ ಸಲ ಬರೆದ ತಾರೀಕನ್ನು ಅದರ ಮೇಲೆ ಪೆನ್ಸಿಲಿನಲ್ಲಿ ಹಾಕಿ. ತೇವಕ್ಕೆ ಪೆನ್ನಿನ ಶಾಯಿ ಹರಡುತ್ತದೆ.